ಒದ್ದೆ ಬಟ್ಟೆಯಲ್ಲಿ ಹತ್ತು ಕಾಳು

ನನ್ನ ಅಂಗಡಿಗೆ ಬಂದವರು ಮೊದಲು ನೋಡುವುದು ದೇವರ ಪಟವನ್ನಲ್ಲ, ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೀಲ್ ತಟ್ಟೆಯಲ್ಲಿ ಸುತ್ತಿಟ್ಟ ಒದ್ದೆ ಬಟ್ಟೆಯನ್ನು. “ಏನಮ್ಮಾ ಅದು, ಕೈ ಸುಟ್ಕೊಂಡ್ರಾ?” ಎಂದು ಕೇಳುತ್ತಾರೆ. “ಹೌದು, ಸುಟ್ಕೊಂಡು ಎರಡು ವರ್ಷ ಆಯ್ತು” ಎನ್ನುತ್ತೇನೆ. ಅವರು ನನ್ನ ಕೈ ನೋಡುತ್ತಾರೆ. ಕೈ ಚೆನ್ನಾಗಿಯೇ ಇದೆ. ಆಗ ಬಟ್ಟೆ ಬಿಡಿಸಿ ತೋರಿಸುತ್ತೇನೆ. ಒಳಗೆ ಹತ್ತು ಕಾಳು ಇರುತ್ತವೆ. ಒಂದು ದಿನ ಹೆಸರು, ಒಂದು ದಿನ ಹುರುಳಿ, ಒಂದು ದಿನ ಗೋಧಿ. ಹೊಸ ಮೂಟೆ ಬಿಚ್ಚಿದ ದಿನ ಹತ್ತು ಕಾಳನ್ನು ನೆನೆಸಿ ಸುತ್ತಿಡುವುದು ಈಗ ನನಗೆ ದೀಪ ಹಚ್ಚುವಷ್ಟೇ ಅಭ್ಯಾಸವಾಗಿಬಿಟ್ಟಿದೆ.

ನನ್ನದು ಮಲ್ಲೇಶ್ವರದಲ್ಲಿ ಒಂದು ಗ್ರಂಥಿಗೆ ಅಂಗಡಿ. ಪೂಜೆ, ಮದುವೆ, ಮುಂಜಿ, ಬಾಣಂತನಕ್ಕೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಅರಿಶಿನದ ಕೊಂಬು, ಅಳಲೆಕಾಯಿ, ದರ್ಭೆ, ಬಜೆ, ಹುತ್ತದ ಮಣ್ಣು. ಮಣ್ಣನ್ನೂ ಮಾರುತ್ತೀಯಾ ಎಂದು ಹುಬ್ಬೇರಿಸಬೇಡಿ. ಈ ಕ್ರಾಸುಗಳಲ್ಲಿ ಎಲ್ಲಾದರೂ ಒಂದು ಹುತ್ತ ತೋರಿಸಿ, ನಾಳೆಯಿಂದಲೇ ನಿಲ್ಲಿಸುತ್ತೇನೆ.

ಫುಟ್‌ಪಾತಿನಲ್ಲಿ ಹೂವು ಕಟ್ಟಿ ಮಾರುತ್ತಿದ್ದವಳು ನಾನು. ಅಲ್ಲಿಂದ ಈ ಎಂಟಡಿ ಅಗಲದ ಅಂಗಡಿಯ ಒಳಗೆ ಬರಲು ಹನ್ನೆರಡು ವರ್ಷ ಹಿಡಿಯಿತು. ಕೈಯಲ್ಲಿ ಬೇರೆ ಬಂಡವಾಳವಿರಲಿಲ್ಲ, ಚೌಕಾಸಿಯೇ ಬಂಡವಾಳ. ಅದನ್ನು ಹೇಗೆ ಮಾಡಬೇಕೆಂದು ಬಿಟ್ಟಿಯಾಗಿ ಹೇಳುತ್ತೇನೆ, ಕೇಳಿ. ಬೇಕಾದ ವಸ್ತುವನ್ನು ಮೊದಲು ಮುಟ್ಟಬಾರದು. ಬೇಡದ ವಸ್ತುವಿನ ಬೆಲೆ ಕೇಳಿ, ನಿಟ್ಟುಸಿರು ಬಿಟ್ಟು, ಆಮೇಲೆ ಬೇಕಾದ್ದರ ಕಡೆ ಅಯ್ಯೋ ಪಾಪ ಎಂಬಂತೆ ನೋಡಬೇಕು. ಅವರು ಹೇಳಿದ ಬೆಲೆಗೆ ನಗಬಾರದು, ಬೇಜಾರು ಮಾಡಿಕೊಳ್ಳಬೇಕು. ಕೊನೆಗೆ ಹೊರಟುಬಿಡಬೇಕು. ಮೂರನೇ ಹೆಜ್ಜೆಗೆ ಕರೆಯುತ್ತಾರೆ. ಕರೆಯದಿದ್ದರೆ ಅವರು ಹೇಳಿದ್ದೇ ಸರಿಯಾದ ಬೆಲೆ ಎಂದು ತಿಳಿದುಕೊಂಡು, ಚಪ್ಪಲಿ ಸಿಕ್ಕಿಕೊಂಡಿತು ಎಂಬ ನೆಪ ಹೇಳಿ ವಾಪಸ್ಸು ಹೋಗಬೇಕು. ನಾನು ಎಷ್ಟೋ ಸಲ ಹಾಗೆ ಹೋಗಿದ್ದೇನೆ.

ಈ ವಿದ್ಯೆಯನ್ನು ನಾನು ಅತಿ ಹೆಚ್ಚು ಪ್ರಯೋಗಿಸಿದ್ದು ತರಗುಪೇಟೆಯ ಶೆಟ್ಟರ ಮೇಲೆ. ನನಗೆ ಕಾಳುಕಡ್ಡಿ ಬರುವುದು ಅವರ ಸಗಟು ಮಂಡಿಯಿಂದ. ಒಂಬತ್ತು ಬಗೆಯ ಕಾಳು ತಂದು, ಒಂದೊಂದು ಹಿಡಿ ಪುಟ್ಟ ಪ್ಯಾಕೆಟ್ಟಿಗೆ ತುಂಬಿ, ನವಧಾನ್ಯ ಎಂದು ಮಾರುತ್ತೇನೆ. ಗ್ರಹಶಾಂತಿಗೆ, ಗೃಹಪ್ರವೇಶಕ್ಕೆ, ಕಳಸದ ಕೆಳಗೆ ಹರಡಲು ಜನ ಕೊಂಡು ಹೋಗುತ್ತಾರೆ. ಆಮೇಲೆ ಅದು ಯಾವುದೋ ಹಸುವಿನ ಹೊಟ್ಟೆಗೋ ಮರದ ಬುಡಕ್ಕೋ ಹೋಗುತ್ತದೆ. ಹಾಗಾಗಿ ಶೆಟ್ಟರು ಬೆಲೆ ಹೇಳಿದಾಗಲೆಲ್ಲ ನನ್ನದು ಒಂದೇ ಮಾತು: “ಪೂಜೆಗೆ ತಾನೆ ಶೆಟ್ರೇ, ತಿನ್ನೋಕಾ?” ಆ ಮಾತಿಗೆ ಅವರು ಪ್ರತಿ ಸಲವೂ ಸ್ವಲ್ಪ ಇಳಿಯುತ್ತಿದ್ದರು. ಇಪ್ಪತ್ತು ವರ್ಷ ಇಳಿದರು. ಎಲ್ಲಿಗೆ ಇಳಿದರು ಎಂಬುದನ್ನು ನಾನು ಕೇಳಲಿಲ್ಲ.

ತರಗುಪೇಟೆ ನನಗೆ ಹೊಸದೇನಲ್ಲ. ನಾನು ಹುಟ್ಟಿ ಬೆಳೆದದ್ದು ನಗರ್ತಪೇಟೆಯ ಒಂದು ಕೋಣೆಯ ಮನೆಯಲ್ಲಿ. ಅಪ್ಪ ತರಗುಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ಅಮ್ಮ ಸಂಜೆ ಮಂಡಿಗಳ ಮುಂದೆ ಗುಡಿಸಿ, ಚೆಲ್ಲಿದ ಕಾಳನ್ನು ಸೆರಗಿಗೆ ತುಂಬಿಕೊಂಡು ಬರುತ್ತಿದ್ದಳು. ಆ ಗುಡಿಸಿದ ಕಾಳಿನಲ್ಲಿ ಎಲ್ಲವೂ ಬೆರೆತಿರುತ್ತಿದ್ದವು. ಮೊರದಲ್ಲಿ ಹಾಕಿಕೊಂಡು ನಾವು ಮಕ್ಕಳು ಬೇರೆ ಬೇರೆ ಮಾಡಬೇಕು. ಗೋಧಿ ಒಂದು ಕಡೆ, ಕಡಲೆ ಒಂದು ಕಡೆ, ಕಲ್ಲು ತಮ್ಮನ ಜೇಬಿಗೆ. ಅಮ್ಮನ ಪೊರಕೆಗೆ ಸಿಗದೆ ಚರಂಡಿಯ ಅಂಚಿಗೆ ಹಾರಿದ ಕಾಳುಗಳು ಮೊದಲ ಮಳೆಗೆ ಎದ್ದು ನಿಲ್ಲುತ್ತಿದ್ದವು. ಎತ್ತಿನ ಗಾಡಿ, ಕೈಗಾಡಿ, ಲಾರಿ ತುಳಿದ ಆ ರಸ್ತೆಯ ಚಪ್ಪಡಿ ಸಂದಿಯಲ್ಲಿ ರಾಗಿ, ಜೋಳ, ತೊಗರಿ! ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಒಂದು ಜೋಳದ ಗಿಡ ನನ್ನ ಸೊಂಟದವರೆಗೆ ಬೆಳೆದಿತ್ತು. ಅದು ನನ್ನದು ಎಂದು ತಮ್ಮನ ಜೊತೆ ಜಗಳವಾಡಿ, ಎರಡು ಗಜ್ಜುಗ ಕೊಟ್ಟು ಅವನ ಪಾಲನ್ನೂ ಕೊಂಡುಕೊಂಡಿದ್ದೆ. ಮಾರನೇ ದಿನ ಒಂದು ಹೋರಿ ಬಂದು ನಮ್ಮಿಬ್ಬರ ಪಾಲನ್ನೂ ತಿಂದುಹೋಯಿತು. ತಮ್ಮ ಗಜ್ಜುಗ ವಾಪಸ್ಸು ಕೊಡಲಿಲ್ಲ. ನನ್ನ ಮೊದಲ ವ್ಯಾಪಾರ ಅದು.

ಗಜ್ಜುಗ ಗೊತ್ತಲ್ಲ? ಬೂದು ಬಣ್ಣದ, ಗೋಲಿಯಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ ಬೀಜ. ಅದನ್ನು ಕಲ್ಲಿಗೆ ಪರಪರ ಉಜ್ಜಿದರೆ ಕೆಂಡದ ಹಾಗೆ ಬಿಸಿಯಾಗುತ್ತದೆ. ಪಕ್ಕದಲ್ಲಿ ಕೂತವರ ತೋಳಿಗೆ ಚುರುಕ್ಕೆಂದು ಮುಟ್ಟಿಸುವುದು ನಮ್ಮ ಆಟ. ಒಮ್ಮೆ ಹಾಗೆ ಉಜ್ಜಿ ಉಜ್ಜಿ ಹೊಟ್ಟೆ ಸವೆದ ಗಜ್ಜುಗವೊಂದನ್ನು ಇನ್ನು ಆಟಕ್ಕೆ ಬಾರದೆಂದು ಅಮ್ಮನ ತುಳಸಿ ಡಬ್ಬಕ್ಕೆ ಎಸೆದಿದ್ದೆ. ಕೆಲವು ವಾರಕ್ಕೆ ತುಳಸಿಯ ಪಕ್ಕ ಮುಳ್ಳಿನ ಬಳ್ಳಿ! ಉಜ್ಜದೆ ಎಸೆದ ಹತ್ತಾರು ಗಜ್ಜುಗ ವರ್ಷಗಟ್ಟಲೆ ಮನೆಯ ಹಿಂದೆಯೇ ಕಲ್ಲಾಗಿ ಬಿದ್ದಿದ್ದವು. ಅದೇಕೆಂದು ಆಗ ಯೋಚಿಸಲಿಲ್ಲ. ಮುಳ್ಳು ಚುಚ್ಚಿದ್ದಕ್ಕೆ ಅಮ್ಮ ಬೈದದ್ದಷ್ಟೇ ನೆನಪು.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಕಾಳು ಎಂದರೆ ಜೀವ ಎಂಬುದು ವ್ಯಾಪಾರಕ್ಕೆ ಕೂತ ಮೇಲೆ ಮರೆತೇಹೋಗಿತ್ತು. ನೆನಪು ಮಾಡಿದವರು ಕಮಲಾಕ್ಷಿ ಮೇಡಂ.

ಮೇಡಂ ನಮ್ಮ ಅಂಗಡಿಯಿಂದ ಎರಡು ಕ್ರಾಸ್ ಆಚೆ ಇರುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟು ರಿಟೈರ್ ಆದವರು. ಚೌಕಾಸಿಯನ್ನೇ ಮಾಡುವವರಲ್ಲ. ಹೇಳಿದ ಬೆಲೆಗೆ “ಸರಿ ಸರೋಜ” ಎಂದು ಪರ್ಸು ತೆಗೆಯುತ್ತಾರೆ. ಅಂಥ ಗಿರಾಕಿ ಬಂದರೆ ನನಗೆ ಲಾಭ ನಿಜ, ಆದರೆ ಆ ವ್ಯಾಪಾರ ಉಪ್ಪಿಲ್ಲದ ಸಾರು. ಎಷ್ಟೋ ಸಲ ನಾನೇ ಅವರ ಪರವಾಗಿ ನನ್ನ ಹತ್ತಿರ ಚೌಕಾಸಿ ಮಾಡಿ, ನಾನೇ ಕಮ್ಮಿ ಮಾಡಿ ಕಳಿಸಿದ್ದೇನೆ.

ಅವರ ಮಗಳು ಸುಧಾಳ ಮದುವೆ ಒಮ್ಮೆ ನಿಂತುಹೋಗಿತ್ತು. ನಿಶ್ಚಿತಾರ್ಥವಾಗಿ, ಛತ್ರ ಗೊತ್ತಾಗಿ, ನನ್ನ ಅಂಗಡಿಯಲ್ಲಿ ಸಾಮಾನೆಲ್ಲ ಕಟ್ಟಿಸಿಟ್ಟ ಮೇಲೆ ಗಂಡಿನ ಕಡೆಯವರು ಫೋನಿನಲ್ಲೇ ಬೇಡ ಎಂದರು. ಆಗ ಮೇಡಂ ಬಂದು, “ಆ ಸಾಮಾನು ನೀನೇ ಇಟ್ಕೋ ಸರೋಜ” ಎಂದು ಹೇಳಿ, ದುಡ್ಡು ಮಾತ್ರ ಪೂರ್ತಿ ಕೊಟ್ಟು ಹೋಗಿದ್ದರು. ಎರಡು ವರ್ಷದ ಮೇಲೆ ಮತ್ತೊಂದು ಸಂಬಂಧ ಕೂಡಿಬಂತು. ಬಸವನಗುಡಿಯ ಹುಡುಗ. ಈ ಸಲ ಮೇಡಂ ಪಟ್ಟಿ ಹಿಡಿದು ಬಂದು, ಕೊಡುವ ಮುನ್ನ ಅದನ್ನು ಎರಡು ಸಲ ತಾವೇ ಓದಿಕೊಂಡರು. ಕಂಡರೂ ಕಾಣದವಳ ಹಾಗೆ ಇದ್ದೆ.

ಪಟ್ಟಿಯಲ್ಲಿ ಮೊದಲನೆಯದೇ ಅಂಕುರಾರ್ಪಣೆಯ ಸಾಮಾನು. ಮದುವೆಗೆ ನಾಲ್ಕೈದು ದಿನ ಮುಂಚೆ ಮಣ್ಣಿನ ಕುಡಿಕೆಗಳಲ್ಲಿ ಹುತ್ತದ ಮಣ್ಣು ತುಂಬಿ, ನವಧಾನ್ಯ ಬಿತ್ತಿ, ಕತ್ತಲ ಕೋಣೆಯಲ್ಲಿಟ್ಟು ಮುತ್ತೈದೆಯರು ನೀರೆರೆಯುತ್ತಾರೆ. ಮುಹೂರ್ತದ ದಿನ ಆ ಮೊಳಕೆಯ ಕುಡಿಕೆಗಳನ್ನು ಮಂಟಪದಲ್ಲಿಡುತ್ತಾರೆ. ಚೆನ್ನಾಗಿ ಮೊಳೆತರೆ ಮನೆತನ ಬೆಳೆಯುತ್ತದೆ ಎಂದು ನಂಬಿಕೆ. ಕುಡಿಕೆ, ಮಣ್ಣು, ಪ್ಯಾಕೆಟ್ಟು ಎಲ್ಲ ನನ್ನ ಅಂಗಡಿಯದೇ. ಮುಹೂರ್ತ ಸೋಮವಾರ. ಬುಧವಾರ ಬಿತ್ತಿದರು. ಶುಕ್ರವಾರ ಮಧ್ಯಾಹ್ನ ಮೇಡಂ ಅಂಗಡಿಯ ಮುಂದೆ ಬಂದು ನಿಂತರು.

“ಏನ್ ಮೇಡಂ, ಏನಾದ್ರೂ ಬಿಟ್ಟೋಯ್ತಾ?”

“ಒಂದೂ ಬಂದಿಲ್ಲ ಸರೋಜ.”

ಇಂಥ ಹೊತ್ತಿನಲ್ಲಿ ಅಂಗಡಿಯವರ ಬಾಯಿಗೆ ಮೊದಲು ಬರುವುದು ಸತ್ಯವಲ್ಲ. “ನೀರು ಜಾಸ್ತಿ ಆಗಿರುತ್ತೆ ಮೇಡಂ. ಕೆಲವರು ಭಕ್ತಿ ಅಂತ ಚೊಂಬ್‌ಗಟ್ಲೆ ಹುಯ್ತಾರೆ. ಇಲ್ಲಾ ಕೋಣೆ ಸೆಕೆ ಇರ್ಬೇಕು. ಇಲ್ಲಾ…”

“ನಂಗೇ ಪಾಠ ಹೇಳ್ತೀಯೇನೇ?” ಎಂದರು ಮೇಡಂ. ನಗುತ್ತಲೇ ಎಂದರು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. “ಕಾಳು ಮೊಳೀದೇ ಇದ್ರೆ ಅದು ಕಾಳಿನ ತಪ್ಪು, ಮದುವೆದಲ್ಲ ಅಂತ ನನ್‌ ಥರ ಯಾರಿಗೆ ಗೊತ್ತಿದೆ ಹೇಳು. ಆದ್ರೂ ಬೆಳಗ್ಗೆಯಿಂದ ಆರು ಸಲ ಟಾರ್ಚ್ ಹಾಕಿ ನೋಡಿದೀನಿ. ಸುಧಾ ನನ್ನ ನೋಡಿ ನಗ್ತಾಳೆ. ನಾನು ಸ್ನಾನಕ್ಕೆ ಹೋದಾಗ ಅವಳೇ ಹೋಗಿ ನೋಡ್ತಾಳೆ. ಕುಡಿಕೆ ಸ್ವಲ್ಪ ಜರುಗಿರುತ್ತೆ, ನಂಗೆ ಗೊತ್ತಾಗಲ್ವಾ?”

ನಾನು ಒಂದು ಪ್ಯಾಕೆಟ್ಟು ತೆಗೆದು ಕತ್ತರಿಸಿ ಪೇಪರಿನ ಮೇಲೆ ಸುರಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಮಾರುವವಳ ಕಣ್ಣಿನಿಂದಲ್ಲದೆ ಅಮ್ಮನ ಮೊರದ ಮುಂದೆ ಕೂತವಳ ಕಣ್ಣಿನಿಂದ ನೋಡಿದೆ. ಭತ್ತ ಇರಬೇಕಾದಲ್ಲಿ ಅಕ್ಕಿ. ಅಕ್ಕಿ ಯಾವ ಕಾಲಕ್ಕೆ ಮೊಳೆಯುತ್ತದೆ? ಎಳ್ಳು ಸಿಪ್ಪೆ ತೆಗೆದು ಬೆಳ್ಳಗೆ ಮಾಡಿದ್ದು. ಉದ್ದು ಅರ್ಧಕ್ಕರ್ಧ ಬೇಳೆ. ಕಡಲೆಗೆ ಹುಳು ಬಿದ್ದು ತೂತು. ಹೆಸರುಕಾಳು ಹಸಿರು ಹೋಗಿ ಕಂದುಬಣ್ಣಕ್ಕೆ ತಿರುಗಿತ್ತು. ಮೇಡಂ ಒಂದೊಂದನ್ನೇ ಬೆರಳಿನಿಂದ ಸರಿಸುತ್ತ ಹೋದರು, ಉತ್ತರಪತ್ರಿಕೆ ತಿದ್ದುವವರ ಹಾಗೆ. ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ತಿರುಗಿ ಏನಾದರೂ ಹೇಳಬಹುದಿತ್ತು.

ಕೊನೆಗೆ ಅವರ ಬೆರಳು ನಾಲ್ಕು ಅವರೆಕಾಳಿನ ಮೇಲೆ ನಿಂತಿತು. “ಇದು ಕುಡಿಕೆಲೂ ಹೀಗೇ ಇದೆ. ಎರಡು ದಿನ ನೀರಲ್ಲಿದ್ರೂ ಊದಿಲ್ಲ, ಕೊಳೆತೂ ಇಲ್ಲ. ಕಲ್ಲು.”

“ಹಂಗಾದ್ರೆ ಅದೂ ಹೋಯ್ತು ಬಿಡಿ.”

“ಅಲ್ಲಮ್ಮ. ಸತ್ತ ಕಾಳು ನೀರು ಕುಡಿದು, ಊದಿ, ಕೊಳೆಯುತ್ತೆ. ಇದು ನೀರನ್ನೇ ಒಳಗೆ ಬಿಟ್ಟಿಲ್ಲ. ಇದು ಸತ್ತಿಲ್ಲ ಸರೋಜ, ಬಾಗಿಲು ಹಾಕ್ಕೊಂಡು ಮಲಗಿದೆ.”

ನನಗೆ ತಟ್ಟನೆ ಗಜ್ಜುಗ ನೆನಪಾಯಿತು. ಆ ನಾಲ್ಕು ಕಾಳು ತೆಗೆದುಕೊಂಡು ಅಂಗಡಿಯ ಮೆಟ್ಟಿಲಿನ ಕಲ್ಲಿಗೆ ಉಜ್ಜತೊಡಗಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. “ಬಿಸಿ ಮಾಡ್ಬೇಡ್ವೇ, ಸಿಪ್ಪೆ ಮೇಲೆ ಒಂದು ಗೀರು ಬಿದ್ರೆ ಸಾಕು” ಎಂದು ಮೇಡಂ ಮೇಲಿನಿಂದ ಪಾಠ ಹೇಳಿದರು. ಗೀರಿದ ನಾಲ್ಕನ್ನೂ ಕರ್ಚೀಫಿನ ತುದಿಗೆ ಕಟ್ಟಿಕೊಂಡು ಅವರು ಮನೆಗೆ ಹೋದರು. ನಾನು ಶಟರ್ ಎಳೆದು, ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು ತರಗುಪೇಟೆಗೆ ನಡೆದೆ.

ಶೆಟ್ಟರು ತಕ್ಕಡಿಯ ಪಕ್ಕ ಕಾಫಿ ಕುಡಿಯುತ್ತಿದ್ದರು. ನನ್ನ ಮುಖ ನೋಡಿ, “ಏನ್ ಸರೋಜಕ್ಕ, ಇವತ್ತು ಎಷ್ಟು ಇಳಿಸೋಕೆ ಬಂದ್ರಿ?” ಎಂದರು.

“ಶೆಟ್ರೇ, ನೀವು ನಂಗೆ ಕೊಟ್ಟಿರೋದು ಒಂದೂ ಮೊಳೀತಿಲ್ಲ.”

ಅವರು ಲೋಟ ಕೆಳಗಿಟ್ಟರು. “ಮೊಳೀಬೇಕಿತ್ತಾ?”

ಅವರು ಮುಂದುವರಿಸಿದರು: “ಇಪ್ಪತ್ತು ವರ್ಷದಲ್ಲಿ ಒಂದ್ ಸಲ ಆದ್ರೂ ಮೊಳೆಯೋ ಕಾಳು ಕೊಡಿ ಅಂದಿದೀರಾ? ಪೂಜೆಗೆ ತಾನೆ, ಪೂಜೆಗೆ ತಾನೆ ಅಂತ ಇಳಿಸಿದ್ರಿ. ನಾನೂ ಗೋಡೌನ್‌ನ ಮೂಲೇಲಿರೋ ಹಳೇ ಮೂಟೆಗೆ ಇಳಿದೆ. ಶೀಟಿನ ಸೂರು ಅಕ್ಕ, ಬೇಸಿಗೇಲಿ ಒಲೆ ಥರ ಕಾಯುತ್ತೆ. ಅಲ್ಲಿ ನಾಲ್ಕೈದು ಬೇಸಿಗೆ ಕಳೆದಿರೋ ಕಾಳು ಬೇಯುತ್ತೆ, ಮೊಳೆಯಲ್ಲ. ನೀವು ಕೊಟ್ಟ ರೇಟಿಗೆ ಕಾಳು ಬರುತ್ತೆ, ಅದರೊಳಗಿನ ಜೀವ ಬರಲ್ಲ.”

ನಾನು ಇಷ್ಟು ವರ್ಷ ಚೌಕಾಸಿ ಮಾಡಿ ಉಳಿಸಿದ್ದು ಏನನ್ನು ಎಂದು ಅಲ್ಲಿ ಗೋಣಿಚೀಲದ ಮೇಲೆ ಕೂತು ಯೋಚಿಸಿದೆ. ಶೆಟ್ಟರು ನನ್ನನ್ನು ಹೆಚ್ಚು ಹೊತ್ತು ಕೂರಲು ಬಿಡಲಿಲ್ಲ. ಈ ಸಲದ ಸುಗ್ಗಿಯ ಹೆಸರು, ಹುರುಳಿ, ಗೋಧಿಯನ್ನು ತಾವೇ ಮೂಟೆಯಿಂದ ಆರಿಸಿ ಕೊಟ್ಟರು. ಭತ್ತವನ್ನು ಪಕ್ಕದ ಮಂಡಿಯಿಂದ ತರಿಸಿದರು. ಬೆಲೆ ಕೇಳಿದೆ. ಹೇಳಿದರು. ಕೊಟ್ಟೆ. “ಅಕ್ಕ, ಹುಷಾರಾಗಿದೀರಾ ತಾನೆ?” ಎಂದರು ಶೆಟ್ಟರು, ನಿಜವಾಗಿಯೂ ಗಾಬರಿಯಿಂದ.

ಮನೆಗೆ ಬಂದು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟೆ. ಶನಿವಾರ ಸಂಜೆಗೆ ಹೆಸರುಕಾಳಿನ ಸಿಪ್ಪೆ ಬಿರಿದು ಬಿಳಿಯ ಮೂತಿ ಕಂಡಿತು. ಗಂಟು ಹಿಡಿದುಕೊಂಡು ಮೇಡಂ ಮನೆಗೆ ಓಡಿದೆ. ಸುಧಾ ಎರಡೂ ಕೈಗೆ ಮೆಹಂದಿ ಹಾಕಿಸಿಕೊಂಡು, ಬೆರಳು ಅಗಲಿಸಿ ಕೂತಿದ್ದಳು.

“ಏನ್ ಆಂಟಿ ಇದು, ಸಪ್ಲಿಮೆಂಟರಿ ಎಕ್ಸಾಮಾ?”

“ಹೂಂ ಕಣಮ್ಮ. ಫೇಲಾಗಿರೋಳು ನಾನು, ನೀನಲ್ಲ.”

ಅವಳು ನಕ್ಕಳು. ನಕ್ಕು ಮುಗಿದ ಮೇಲೆ, ಮೇಡಂ ಒಳಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲಗೆ ಕೇಳಿದಳು: “ಬರುತ್ತಲ್ವಾ ಆಂಟಿ ಈ ಸಲ? ನಂಗೇನಿಲ್ಲ. ಅಮ್ಮಂಗೆ.”

ಇಂಥ ಪ್ರಶ್ನೆಗೆ ಅಂಗಡಿಯಲ್ಲಿ ಕೂತು ನಾನು ಸಾವಿರ ಸಲ “ಗ್ಯಾರಂಟಿ” ಎಂದಿದ್ದೇನೆ. ಅವತ್ತು ಮಾತ್ರ ಗಂಟು ಬಿಚ್ಚಿ ಆ ಬಿಳಿಯ ಮೂತಿಗಳನ್ನು ಅವಳ ಕಣ್ಣಿಗೆ ಹಿಡಿದೆ. ಬಗ್ಗಿ ನೋಡಿದಳು. ಮೂಗಿನ ತುದಿಗೆ ಮೆಹಂದಿ ತಾಗಿಸಿಕೊಂಡಳು.

ಹಳೆಯ ಮಣ್ಣು ಚೆಲ್ಲಿ ಹೊಸದು ತುಂಬೋಣವೆಂದೆ. ಮೇಡಂ ಒಪ್ಪಲಿಲ್ಲ. “ಒಳಗೆ ಆ ಅವರೆ ಹಾಕಿದೀನಿ. ಕೆದಕ್ಬೇಡ. ಮೇಲೆ ಬಿತ್ತು.” ಸರಿ, ಹಳೆಯದರ ಮೇಲೆಯೇ ಹೊಸದನ್ನು ಹರಡಿ, ತೆಳ್ಳಗೆ ಮಣ್ಣು ಉದುರಿಸಿದೆವು.

ಸೋಮವಾರ ಬೆಳಗ್ಗೆ ಛತ್ರಕ್ಕೆ ಹೋದಾಗ ಮಂಟಪದ ಒಂದು ಕಡೆ ನಮ್ಮ ಕುಡಿಕೆಗಳಿದ್ದವು. ನಮ್ಮ ಎನ್ನುತ್ತೇನೆ, ಕ್ಷಮಿಸಿ, ಅಷ್ಟು ಹಚ್ಚಿಕೊಂಡುಬಿಟ್ಟಿದ್ದೆ. ಹೆಸರು ಎರಡು ಬೆರಳು ಎತ್ತರ ನಿಂತಿತ್ತು. ಹುರುಳಿ ಕತ್ತು ಬಗ್ಗಿಸಿಕೊಂಡು ಈಗತಾನೆ ಎದ್ದ ಮಗುವಿನ ಹಾಗಿತ್ತು. ಗೋಧಿ ಅಲ್ಲೊಂದು ಇಲ್ಲೊಂದು ಸೂಜಿ. ಭತ್ತ, ಅವರೆ ಏನೂ ಇಲ್ಲ. ಅದರ ಪಕ್ಕದಲ್ಲೇ ಗಂಡಿನ ಕಡೆಯವರ ಕುಡಿಕೆಗಳು. ಅಯ್ಯೋ, ಏನು ಹುಲುಸು! ಹೆಸರಿನ ಕಾಡು! ನಮ್ಮದು ಆ ಕಾಡಿನ ಮುಂದೆ ಬೋಳುತಲೆಯ ಹಾಗೆ ಕಾಣುತ್ತಿತ್ತು. ಮೇಡಂ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತಿದ್ದರು.

ಹುಡುಗನ ತಾಯಿ ಬಂದು ಪಕ್ಕದಲ್ಲಿ ನಿಂತರು. ಎರಡೂ ಕಡೆಯ ಕುಡಿಕೆಗಳನ್ನು ನೋಡಿದರು. ಬಗ್ಗಿ ನಮ್ಮ ಗೋಧಿಯನ್ನು ಬೆರಳಿನಿಂದ ಮುಟ್ಟಿದರು.

“ನಿಮ್ಮದ್ರಲ್ಲಿ ಗೋಧಿನೂ ಬಂದಿದೆ, ಹುರುಳಿನೂ ಬಂದಿದೆ” ಎಂದರು, ಧ್ವನಿ ಇಳಿಸಿ. “ಬೇರೆ ಯಾವ ಅಂಗಡೀಲಿ ತಂದ್ರಿ? ನೀವು ಹೇಳಿದ್ರಿ ಅಂತ ನಾನು ಮಲ್ಲೇಶ್ವರದ ಆ ಗ್ರಂಥಿಗೆ ಅಂಗಡಿಯಿಂದ್ಲೇ ತರಿಸಿದೆ. ಒಂದು ಕಾಳು ಹುಟ್ಲಿಲ್ಲ ನೋಡಿ! ಗಂಡಿನ ಕಡೆಯೋರು ನಾವು, ಹುಟ್ಲಿಲ್ಲ ಅಂತ ಯಾರ ಹತ್ರ ಹೇಳೋದು? ನಿಮಗೆ ಮೊದಲೇ ಒಂದ್ ಸಲ ಮನಸ್ಸಿಗೆ ಪೆಟ್ಟಾಗಿದೆ, ನಮ್ಮ ಕಡೆಯಿಂದ ಇದೊಂದು ಅಪಶಕುನ ಆಯ್ತಲ್ಲ ಅಂತ ಒಂದ್ ದಿನ ಊಟ ಸೇರ್ಲಿಲ್ಲ. ಆಮೇಲೆ ಅಡುಗೆಮನೆ ಡಬ್ಬದ ಹೆಸರುಕಾಳು ನೆನೆಸಿ ಎರಡು ಹಿಡಿ ಸುರಿದುಬಿಟ್ಟೆ. ಯಾರಿಗೂ ಹೇಳ್ಬೇಡಿ.”

ಮೇಡಂ ನನ್ನ ಕಡೆ ನೋಡಿದರು. ಬೇಕಿದ್ದರೆ ನನ್ನನ್ನು ಉಳಿಸುತ್ತಿದ್ದರು, ಆ ನೋಟದಲ್ಲಿ ಅದಿತ್ತು. ಆದರೆ ನಾನೇ ಮುಂದೆ ಬಂದೆ.

“ಆ ಅಂಗಡಿ ನಂದೇ ಅಮ್ಮ. ತಪ್ಪಾಯ್ತು. ನಿಮ್ಮನೇದು, ಇವರ ಮನೇದು, ಎರಡೂ ನನ್ನ ಪ್ಯಾಕೆಟ್ಟೇ. ಇವರದ್ದಕ್ಕೆ ನಾನು ಬಂದು ಎರಡನೇ ಸಲ ಬಿತ್ತಿದೆ. ನಿಮ್ಮದು ನಂಗೆ ಗೊತ್ತಾಗ್ಲಿಲ್ಲ.”

ಆ ತಾಯಿ ನನ್ನನ್ನು ನೋಡಿದರು, ಮೇಡಂರನ್ನು ನೋಡಿದರು. “ಅಂದ್ರೆ ನಿಮ್ಮದೂ…?”

“ನಮ್ಮದೂ” ಎಂದರು ಮೇಡಂ.

ಆಮೇಲೆ ಆ ಇಬ್ಬರು ಹೆಂಗಸರು ನಕ್ಕ ನಗೆಗೆ ಓಲಗದವರು ನುಡಿಸುವುದನ್ನು ಬಿಟ್ಟು ತಿರುಗಿ ನೋಡಿದರು. ಮಣೆಯ ಮೇಲೆ ಕೂತಿದ್ದ ಸುಧಾ ಏನು, ಏನು ಎಂದು ಕಣ್ಣಿನಲ್ಲೇ ಕೇಳಿದಳು. ಮೇಡಂ ಕುಡಿಕೆಯ ಕಡೆ ಕೈ ತೋರಿಸಿ, ಹೆಬ್ಬೆಟ್ಟು ಎತ್ತಿದರು. ಅವಳ ಮುಖ ನೋಡಬೇಕಿತ್ತು ನೀವು. ನಂಗೇನಿಲ್ಲ ಎಂದಿದ್ದಳಲ್ಲ, ಅದೇ ಹುಡುಗಿ.

ಮದುವೆಯಾದ ಮೇಲೆ ಕುಡಿಕೆಗಳ ಮಣ್ಣನ್ನು ಮೇಡಂ ತಮ್ಮ ಕಾಂಪೌಂಡಿನ ಬುಡಕ್ಕೆ ಸುರಿದರು. ನಾನು ಅಂಗಡಿಯಲ್ಲಿ ಉಳಿದಿದ್ದ ಹಳೆಯ ಪ್ಯಾಕೆಟ್ಟುಗಳನ್ನೆಲ್ಲ ಒಡೆದು ಪಾರಿವಾಳಗಳಿಗೆ ಹಾಕಿದೆ. ಅಂದಿನಿಂದ ಒದ್ದೆ ಬಟ್ಟೆ ಶುರುವಾಯಿತು. ಹತ್ತರಲ್ಲಿ ಎಂಟು ಮೊಳೆತರೆ ಪ್ಯಾಕೆಟ್ಟಿಗೆ ಹೋಗುತ್ತದೆ, ಇಲ್ಲದಿದ್ದರೆ ಶೆಟ್ಟರಿಗೆ ವಾಪಸ್ಸು. ನೀವೂ ಅಷ್ಟೇ, ಬಾಲ್ಕನಿ ಕುಂಡಕ್ಕೆ ಬೀಜ ಹಾಕುವ ಮೊದಲು ಹತ್ತನ್ನು ಬಟ್ಟೆಯಲ್ಲಿ ಕಟ್ಟಿ ನೋಡಿ. ಬೀಜದ ಡಬ್ಬವನ್ನು ಫ್ರಿಜ್ಜಿನ ತಲೆಯ ಮೇಲೆ ಇಡಬೇಡಿ, ಅಲ್ಲಿ ಸದಾ ಬಿಸಿ. ಒಣಗಿದ, ತಣ್ಣಗಿನ, ಕತ್ತಲ ಜಾಗ ಕೊಟ್ಟರೆ ಎಷ್ಟೋ ದಿನ ಕಾಯುತ್ತವೆ ಪಾಪ. ನಮ್ಮ ಹಾಗೆ ಅವಸರವಿಲ್ಲ ಅವಕ್ಕೆ.

ಜೂನಿನ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಮೇಡಂ ಫೋನ್ ಮಾಡಿದರು. “ಬಾರೇ ಇಲ್ಲಿ, ನಿನ್ನ ಕಲ್ಲು ನೋಡು.” ಹೋಗಿ ನೋಡಿದರೆ ಕಾಂಪೌಂಡಿನ ಬುಡದಲ್ಲಿ ಒಂದು ಅವರೆ ಬಳ್ಳಿ, ಅದಾಗಲೇ ಗೇಟಿನ ಸರಳಿಗೆ ಕೈ ಚಾಚಿತ್ತು. ಗೀರಿದ ನಾಲ್ಕರಲ್ಲಿ ಬಂದದ್ದು ಒಂದೇ. ಇಪ್ಪತ್ತು ವರ್ಷದ ನನ್ನ ಚೌಕಾಸಿಯನ್ನೂ, ಶೆಟ್ಟರ ಶೀಟಿನ ಸೂರನ್ನೂ, ಎಷ್ಟೋ ಬೇಸಿಗೆಗಳನ್ನೂ ಬಾಗಿಲು ಹಾಕಿಕೊಂಡು ಕಳೆದು ಬಂದ ಒಂದು ಕಾಳು. ಚಳಿಗಾಲಕ್ಕೆ ಅದು ಇಡೀ ಗೋಡೆಯನ್ನು ಮುಚ್ಚಿತು. ಸುಗ್ಗಿಯ ಹೊತ್ತಿಗೆ ಸೊಗಡು ರಸ್ತೆಯವರೆಗೆ ಬರುತ್ತಿತ್ತು. ಸುಧಾ, ಅವಳ ಗಂಡ, ಆ ಬಸವನಗುಡಿಯ ಬೀಗಿತ್ತಿ ಎಲ್ಲ ಬಂದು ಕಿತ್ತು, ಹಿತಕಿ, ಸಾರು ಮಾಡಿ ಉಂಡರು. ನನ್ನನ್ನೂ ಕರೆದಿದ್ದರು. ಎರಡು ಸಲ ಹಾಕಿಸಿಕೊಂಡೆ.

ಬಳ್ಳಿಯ ಮೇಲೆಯೇ ಒಣಗಲು ಬಿಟ್ಟ ಕಾಯಿಗಳಿಂದ ಒಂದು ಡಬ್ಬ ಬೀಜವಾಯಿತು. ಈ ವರ್ಷದ ನವಧಾನ್ಯಕ್ಕೆ ಆ ಅವರೆಯನ್ನೇ ಹಾಕಬೇಕೆಂದು ಆಸೆಯಾಯಿತು. ಹೋಗಿ ಡಬ್ಬದ ಕಡೆ ನೋಡದೆ, ಮೊದಲು ಕರಿಬೇವಿನ ಗಿಡದ ವಿಷಯ ಮಾತಾಡಿ, ನಿಟ್ಟುಸಿರು ಬಿಟ್ಟು, ಆಮೇಲೆ ಕೇಳಿದೆ: “ಈ ಅವರೆ ಏನ್ ಮಾಡ್ತೀರಾ ಮೇಡಂ? ಹುಳು ಬೀಳುತ್ತೆ, ನಾನೇ ತಗೊಂಡೋಗ್ಲಾ?”

“ಎಷ್ಟು ಕೊಡ್ತೀಯಾ?” ಎಂದರು ಮೇಡಂ.

ನಾನು ಹೇಳಿದೆ. ಹುಟ್ಟಿದಾಗಿನಿಂದ ಚೌಕಾಸಿ ಮಾಡದ ಆ ಹೆಂಗಸು ಬೇಜಾರಿನ ಮುಖ ಮಾಡಿದರು. ಡಬ್ಬದ ಮುಚ್ಚಳ ಹಾಕಿದರು. ಎದ್ದು ಒಳಗೆ ಹೊರಟರು.

“ಪೂಜೆಗೆ ತಾನೆ ಮೇಡಂ…” ಎಂದೆ.

“ಅಲ್ಲ ಸರೋಜ. ಮೊಳೆಯೋಕೆ.”

ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೇ ಹೆಜ್ಜೆಗೆ ನಾನು ಕರೆದೆ.